ಹೆಗಲಿನ ನೋವೂ ಪರಂಪರೆಯೇ?

ಹಳೆಯ ಪಿಕಪ್ ಟ್ರಕ್ಕೊಂದಕ್ಕೆ ಪವರ್ ಸ್ಟಿಯರಿಂಗ್ ಅಳವಡಿಸುವುದು ಸರಿಯೋ ತಪ್ಪೋ ಎಂಬುದು ಸಾಹಿತ್ಯ ಬಳಗವೊಂದು ತಲೆ ಕೆಡಿಸಿಕೊಳ್ಳಬೇಕಾದ ಸಂಗತಿಯಲ್ಲವೆಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಕಳೆದ ತಿಂಗಳ ನಮ್ಮ ಕೂಟದಲ್ಲಿ ಕಾದಂಬರಿಯ ಚರ್ಚೆ ಮುಗಿದ ಮೇಲೆ ಎದ್ದ ಈ ಮಾತು ಕಾದಂಬರಿಗಿಂತ ಹೆಚ್ಚಿನ ಕಾವನ್ನು ಹುಟ್ಟಿಸಿತು. ಹಳತನ್ನು ಉಳಿಸುವುದೆಂದರೇನು, ಯಾರಿಗಾಗಿ ಉಳಿಸುವುದು, ಉಳಿಸುವ ಖರ್ಚನ್ನು ಯಾರ ಮೈ ತೆರಬೇಕು ಎಂಬ ಪ್ರಶ್ನೆಗಳು ಅದರ ಬುಡದಲ್ಲಿದ್ದವು. ಅಂದು ಸಮಯ ಸಾಲದೆ ಉಳಿದುಹೋದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುವುದು ಒಳಿತು: ಓಡಿಸಲೆಂದು ಇಟ್ಟುಕೊಂಡಿರುವ ಹಳೆಯ ಟ್ರಕ್ಕಿಗೆ ಪವರ್ ಸ್ಟಿಯರಿಂಗ್ ಹಾಕಿಸುವುದರಲ್ಲಿ ಯಾವ ಅಪಚಾರವೂ ಇಲ್ಲ. ಪರಂಪರೆಯ ಹೆಸರಿನಲ್ಲಿ ಅದನ್ನು ತಡೆಯುವುದರಲ್ಲಿ ಅನ್ಯಾಯವಿದೆ.

ಚರ್ಚೆಗೆ ಕಾರಣವಾದ ವಾಹನ ಇಲ್ಲೇ ಪುಣೆಯಲ್ಲಿದೆ. ಪರಿಚಿತರೊಬ್ಬರ ಮನೆಯ 1951ರ ಶೆವ್ರೊಲೆ ಅರ್ಧ ಟನ್ ಪಿಕಪ್ ಅದು. ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ವಾಹನಗಳನ್ನು ಜೋಡಿಸುತ್ತಿತ್ತು. ಈ ಗಾಡಿಯೂ ಅಲ್ಲಿಂದಲೇ ಬಂದದ್ದೆಂದು ಆ ಮನೆಯವರ ನೆನಪು. ಅವರ ತಂದೆ ಸಾಸವಡದ ಕಡೆಯ ಅಂಜೂರವನ್ನೂ ಸೀತಾಫಲವನ್ನೂ ಹೇರಿಕೊಂಡು, ದಿವೆ ಘಾಟ್ ಇಳಿದು ಪುಣೆಯ ಪೇಟೆಗೆ ತರುತ್ತಿದ್ದರಂತೆ. ಮಗನಿಗೆ ಈಗ ಅರವತ್ತೆಂಟು. ಬಲ ಹೆಗಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಗುತ್ತದೆ, ಬ್ರೇಕು ಹಿಡಿಯುತ್ತದೆ, ಆದರೆ ಗೇಟಿನಿಂದ ಹೊರಗೆ ತಿರುಗಿಸಲು ಅವರ ಕೈಗೆ ಆಗುವುದಿಲ್ಲ. ಎರಡು ವರ್ಷದಿಂದ ಗಾಡಿ ನಿಂತಲ್ಲೇ ನಿಂತಿದೆ. ಪವರ್ ಸ್ಟಿಯರಿಂಗ್ ಹಾಕಿಸಬೇಕೆಂದು ಹೊರಟಾಗ ಹಳೆ ವಾಹನಪ್ರಿಯರ ವಲಯದಿಂದ ಅವರಿಗೆ ಬಂದ ಉಪದೇಶ ಇಷ್ಟು: ಗಾಡಿಯನ್ನು ಕೆಡಿಸಬೇಡಿ, ಓಡಿಸಲಾಗದಿದ್ದರೆ ಓಡಿಸಬಲ್ಲವರಿಗೆ ಮಾರಿಬಿಡಿ.

ಈ ಉಪದೇಶವನ್ನು ನಮ್ಮ ಬಳಗದ ಹಿರಿಯರೊಬ್ಬರು ಸಮರ್ಥಿಸಿದರು. ಅವರ ವಿದ್ವತ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ, ಅವರಿಂದ ಕಲಿತವನು ನಾನು. ಮೂಲಕೃತಿಗೆ ಕೈ ಹಾಕುವ ಹಕ್ಕು ನಮಗಿಲ್ಲ, ಓದಲು ಕಷ್ಟವೆಂದು ಪಂಪಭಾರತವನ್ನು ತಿದ್ದುತ್ತೇವೆಯೇ ಎಂದು ಅವರು ಕೇಳಿದರು. ಪ್ರಶ್ನೆ ಚೆನ್ನಾಗಿದೆ. ಉತ್ತರವನ್ನು ಪಂಪನಿಂದಲೇ ಪಡೆಯಬಹುದು. ವ್ಯಾಸರ ಕತೆಯನ್ನು ಕೈಗೆತ್ತಿಕೊಂಡ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದ. ಮೂಲಕ್ಕೆ ಇದಕ್ಕಿಂತ ದೊಡ್ಡ ಕೈ ಯಾರು ಹಾಕಬಲ್ಲರು? ಅದರಿಂದ ವ್ಯಾಸಭಾರತ ಅಳಿಯಲಿಲ್ಲ, ಕನ್ನಡಕ್ಕೆ ಒಂದು ಮಹಾಕಾವ್ಯ ದಕ್ಕಿತು. ಇನ್ನೊಂದು ವ್ಯತ್ಯಾಸವೂ ಇದೆ. ಕಾವ್ಯ ಓದಿದಷ್ಟೂ ಸವೆಯುವ ವಸ್ತುವಲ್ಲ. ಟ್ರಕ್ಕಿನ ಕಿಂಗ್ ಪಿನ್ನು, ಬುಶ್ಶು, ಟೈರು ಓಡಿದಷ್ಟೂ ಸವೆಯುತ್ತವೆ. ಬದಲಿಸದಿದ್ದರೆ ಅದು ಟ್ರಕ್ಕಾಗಿಯೇ ಉಳಿಯುವುದಿಲ್ಲ. ಎಪ್ಪತ್ತು ವರ್ಷ ದಾಟಿದ ವಾಹನವೊಂದು ಓಡುತ್ತಿದೆಯೆಂದರೆ ಅದನ್ನು ಯಾರೋ ಬದಲಿಸುತ್ತಲೇ ಬಂದಿದ್ದಾರೆಂದೇ ಅರ್ಥ. ಹೀಗಿರುವಾಗ ಬದಲಾವಣೆ ಸಲ್ಲದು ಎಂಬ ವಾದವೇ ನಿಲ್ಲುವುದಿಲ್ಲ. ಯಾವ ಬದಲಾವಣೆಗೆ ಒಪ್ಪಿಗೆ, ಯಾವುದಕ್ಕೆ ನಿಷೇಧ, ಅದನ್ನು ತೀರ್ಮಾನಿಸುವವರು ಯಾರು ಎಂದಷ್ಟೇ ಕೇಳಬೇಕು.

ಒಪ್ಪಿಗೆಯ ಪಟ್ಟಿಯನ್ನು ನೋಡಿ. ಮೊದಲು ಬಂದಾಗ ಈ ಪಿಕಪ್ಪಿಗೆ ಇದ್ದದ್ದು ಕಿರಿದಾದ, ಹಳೆಯ ಬಗೆಯ ಬಯಸ್ ಪ್ಲೈ ಟೈರುಗಳು. ಇಂದು ಇಂಥ ಗಾಡಿಗಳಲ್ಲಿ ಬಹುಪಾಲಿಗೆ ಅಗಲದ ರೇಡಿಯಲ್ ಟೈರುಗಳಿರುತ್ತವೆ. ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು ಹನ್ನೆರಡಕ್ಕೆ ಬದಲಿಸಿದರೆ ಜಾಣತನ. ಸೀಟ್ ಬೆಲ್ಟ್ ಹಾಕಿಸಿದರೆ ವಿವೇಕ. ಕಾರ್ಖಾನೆಯಲ್ಲಿ ಎಂದೂ ಬಳಿಯದಿದ್ದ ಹೊಳಪಿನ ಬಣ್ಣ ಬಳಿದರೆ ಪ್ರದರ್ಶನದಲ್ಲಿ ಜನ ಮುತ್ತಿಕೊಂಡು ಫೋಟೊ ತೆಗೆಯುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಅಗಲದ ಟೈರು ನೆಲವನ್ನು ಹೆಚ್ಚು ಹಿಡಿಯುವುದರಿಂದ, ನಿಂತ ಗಾಡಿಯ ಚಕ್ರ ತಿರುಗಿಸುವ ಶ್ರಮ ಮೊದಲಿಗಿಂತ ಹೆಚ್ಚಾಗುತ್ತದೆ. ಅಂದರೆ ಒಪ್ಪಿತವಾದ ಒಂದು ಬದಲಾವಣೆ ಸ್ಟಿಯರಿಂಗನ್ನು ಮೂಲಕ್ಕಿಂತ ಭಾರವಾಗಿಸಿದೆ. ಆ ಭಾರವನ್ನು ಇಳಿಸುವ ಬದಲಾವಣೆ ಮಾತ್ರ ಮೂಲಕ್ಕೆ ಬಗೆದ ದ್ರೋಹವೆನಿಸುತ್ತದೆ. 1951ರಲ್ಲಿ ಈ ಗಾಡಿಯನ್ನು ಕೊಂಡವನ ಕೈಗೆ ಸಿಕ್ಕಿದ ಹಗುರತನವಾದರೂ ಇಂದಿನವನಿಗೆ ಸಿಗಬೇಡವೇ?

ಪವರ್ ಸ್ಟಿಯರಿಂಗ್ ಆ ಕಾಲದ್ದಲ್ಲ, ನಂತರದ ಸೋಮಾರಿತನದ ಕೂಸು ಎನ್ನುವವರು ಇತಿಹಾಸವನ್ನು ತಿರುವಿ ನೋಡಬೇಕು. ಅಮೆರಿಕದ ಪಿಯರ್ಸ್ ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್, ಭಾರದ ವಾಹನಗಳನ್ನು ತಿರುಗಿಸಲು ಚಾಲಕರು ಪಡುವ ಪಾಡನ್ನು ಬಲ್ಲವರಾಗಿದ್ದರು. ಕಂಪನಿ ಬಿಟ್ಟು ಮ್ಯಾಸಚೂಸೆಟ್ಸಿನ ವಾಲ್ತಮ್ ಊರಿನಲ್ಲಿ ಸ್ವಂತ ಕಾರ್ಯಾಗಾರ ಹೂಡಿ, ಎಣ್ಣೆಯ ಒತ್ತಡದಿಂದ ಚಾಲಕನ ಕೈಗೆ ನೆರವಾಗುವ ಸಾಧನವನ್ನು ರೂಪಿಸಿ, 1926ರಲ್ಲಿ ಕಾರೊಂದಕ್ಕೆ ಅಳವಡಿಸಿ ತೋರಿಸಿದರು. ಜನರಲ್ ಮೋಟರ್ಸ್ ಆಸಕ್ತಿ ವಹಿಸಿ ಕೆಲವು ವರ್ಷ ಕೆಲಸ ನಡೆಸಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ವೆಚ್ಚದ ಕಾರಣದಿಂದ 1934ರಲ್ಲಿ ಕೈಬಿಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಭಾರೀ ವಾಹನಗಳು ಅದನ್ನು ಬಳಸಿದವು. ಸಾರ್ವಜನಿಕರು ದುಡ್ಡು ಕೊಟ್ಟು ಕೊಳ್ಳಬಹುದಾದ ಕಾರಿನಲ್ಲಿ ಅದು ಮೊದಲು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಎಂಬ ಐಷಾರಾಮಿ ಕಾರಿನಲ್ಲಿ.

ಇಸವಿಯನ್ನು ಗಮನಿಸಿ. ನಾವು ಚರ್ಚಿಸುತ್ತಿರುವ ಪಿಕಪ್ ಹುಟ್ಟಿದ್ದೂ ಅದೇ ವರ್ಷ. ಟ್ರಕ್ಕು ಓಡಿಸುವವರ ಕಷ್ಟವನ್ನು ಬಲ್ಲ ಎಂಜಿನಿಯರೊಬ್ಬರ ಕೈಯಲ್ಲಿ ರೂಪುಗೊಂಡ ಸಾಧನ ಕಾಲು ಶತಮಾನದ ಬಳಿಕ ಮೊದಲು ತಲುಪಿದ್ದು ಸಿರಿವಂತರ ಕಾರನ್ನು. ದುಡಿಯುವ ಟ್ರಕ್ಕುಗಳ ಸರದಿ ಬಂದದ್ದು ಆಮೇಲೆ. 1960ರ ದಶಕದ ಕೊನೆಗೆ ಫೋರ್ಡ್ ಎಫ್ 100, ಶೆವ್ರೊಲೆ ಸಿ 10 ಪಿಕಪ್ಪುಗಳಲ್ಲಿಯೂ ಅದು ಹೆಚ್ಚಿನ ಹಣ ತೆತ್ತವರಿಗಷ್ಟೇ ದೊರೆಯುವ ಸೌಲಭ್ಯವಾಗಿತ್ತು. ಹಾಗಾದರೆ ಈ ಪಿಕಪ್ಪಿನ ಭಾರವಾದ ಸ್ಟಿಯರಿಂಗ್ ಯಾವುದರ ಕುರುಹು? ಅದನ್ನು ಯುಗಧರ್ಮವೆನ್ನಲಾಗದು, ಏಕೆಂದರೆ ಆ ಯುಗದಲ್ಲೇ ಪರಿಹಾರ ಸಿದ್ಧವಿತ್ತು. ವಿನ್ಯಾಸಕಾರನ ಸೌಂದರ್ಯದೃಷ್ಟಿಯೆನ್ನಲೂ ಆಗದು. ಇಷ್ಟು ಬೆಲೆಯ ಗಾಡಿಯನ್ನು ಓಡಿಸುವವನ ಹೆಗಲಿಗೆ ಇಷ್ಟು ನೋವು ಸಾಕೆಂದು ಮಾರಾಟದ ಲೆಕ್ಕಾಚಾರ ನಿಗದಿ ಮಾಡಿದ ಪಾಲು ಅದು. ಅದನ್ನು ಇಂದು ನಾವು ಪರಂಪರೆಯೆಂದು ಪೂಜಿಸುತ್ತಿದ್ದೇವೆ.

ಇನ್ನು ಯಂತ್ರದ ಮಾತು. ಪವರ್ ಸ್ಟಿಯರಿಂಗ್ ಹಾಕಿದರೆ ಟ್ರಕ್ಕಿನ ಆತ್ಮವೇ ಹೋಗುತ್ತದೆ ಎನ್ನುವವರಲ್ಲಿ ಅನೇಕರಿಗೆ ಅಲ್ಲಿ ಬದಲಾಗುವುದೇನೆಂಬ ಕಲ್ಪನೆ ಇದ್ದಂತಿಲ್ಲ. ಸ್ಟಿಯರಿಂಗ್ ಚಕ್ರ ತಿರುಗಿದಾಗ ಅದರ ದಂಡ ಕೆಳಗಿನ ಸ್ಟಿಯರಿಂಗ್ ಬಾಕ್ಸಿನ ಗೇರುಗಳನ್ನು ತಿರುಗಿಸುತ್ತದೆ. ಬಾಕ್ಸಿನಿಂದ ಹೊರಚಾಚಿದ ಪಿಟ್‌ಮನ್ ಆರ್ಮ್ ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ಅದರಿಂದ ಒಂದು ಚಕ್ರ, ಟೈ ರಾಡಿನ ಮೂಲಕ ಇನ್ನೊಂದು ಚಕ್ರ ತಿರುಗುತ್ತವೆ. ಕೈಬಲವೊಂದರಿಂದಲೇ ಇಷ್ಟನ್ನು ಸಾಧಿಸಬೇಕಾದಾಗ ವಿನ್ಯಾಸಕಾರನಿಗೆ ಇರುವ ಉಪಾಯಗಳು ಎರಡು. ಸ್ಟಿಯರಿಂಗ್ ಚಕ್ರವನ್ನು ದೊಡ್ಡದು ಮಾಡುವುದು ಒಂದು. ಗೇರಿನ ಅನುಪಾತವನ್ನು ಏರಿಸಿ, ಹೆಚ್ಚು ಸುತ್ತು ತಿರುಗಿಸಿದರೆ ಕಡಿಮೆ ಬಲ ಸಾಲುವಂತೆ ಮಾಡುವುದು ಇನ್ನೊಂದು. ಹಳೆಯ ಟ್ರಕ್ಕುಗಳಲ್ಲಿ ಈ ಅನುಪಾತ 24ಕ್ಕೆ 1ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಪವರ್ ಸ್ಟಿಯರಿಂಗ್ ಬಾಕ್ಸಿನಲ್ಲಿ 16ಕ್ಕೆ 1ರ ಆಸುಪಾಸು ಸಾಕಾಗುತ್ತದೆ. ರಸ್ತೆಯಲ್ಲಿ ನಾಯಿಯೋ ಮಗುವೋ ಅಡ್ಡ ಬಂದಾಗ ಈ ಸುತ್ತುಗಳ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಚಾಲಕ ಮಾತ್ರ ಬಲ್ಲ.

ಬದಲಾವಣೆಯಲ್ಲಿ ಹೊಸದಾಗಿ ಬರುವುದು ಬೇರೊಂದು ಸ್ಟಿಯರಿಂಗ್ ಬಾಕ್ಸು, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು, ಎಣ್ಣೆಯ ತೊಟ್ಟಿ, ಒತ್ತಡದ ಒಂದು ಕೊಳವೆ, ಹಿಂದಿರುಗುವ ಒಂದು ಕೊಳವೆ. ಆಕ್ಸಲ್ಲು, ಎಲೆಸ್ಪ್ರಿಂಗು, ಆರು ಸಿಲಿಂಡರಿನ ಎಂಜಿನ್ನು, ಗೇರು, ಮೈಕಟ್ಟು, ಹಿಂದಿನ ಮರದ ಹಲಗೆಯ ತೊಟ್ಟಿಲು ಎಲ್ಲವೂ ಹಾಗೆಯೇ ಇರುತ್ತವೆ. ಬಾನೆಟ್ ಎತ್ತದವರಿಗೆ ಏನೂ ಕಾಣದು. ಎಂಜಿನ್ ಕಡೆಗೆ ಕೈ ಹಾಕುವುದೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಇಂದಿನ ಸಣ್ಣ ಕಾರುಗಳಲ್ಲಿರುವಂತೆ ಸ್ಟಿಯರಿಂಗ್ ದಂಡಕ್ಕೇ ವಿದ್ಯುತ್ ಮೋಟರನ್ನು ಜೋಡಿಸಿ ಡ್ಯಾಶ್‌ಬೋರ್ಡಿನ ಹಿಂದೆ ಮರೆಮಾಡುವುದು. ಅದಕ್ಕೆ ಹನ್ನೆರಡು ವೋಲ್ಟು ಬೇಕಾಗುವುದರಿಂದ ಆರು ವೋಲ್ಟಿನ ಹಳೆಯ ಏರ್ಪಾಡನ್ನು ಬದಲಿಸಬೇಕಾಗುತ್ತದೆ.

ಇದು ಸುಲಭದ ಕೆಲಸವೆಂದು ನಾನು ಹೇಳುತ್ತಿಲ್ಲ. ವಿರೋಧಿಸುವವರ ವಾದಗಳಲ್ಲಿ ತೂಕವಿರುವುದು ಈ ಒಂದಕ್ಕೇ: ಅರೆಬರೆ ತಿಳಿದವರ ಕೈಗೆ ಸಿಕ್ಕರೆ ಇದು ಪ್ರಾಣಕ್ಕೆ ಎರವಾಗಬಲ್ಲದು. ಹೊಸ ಬಾಕ್ಸನ್ನು ಷಾಸಿಯ ತೆಳು ಉಕ್ಕಿಗೆ ಸುಮ್ಮನೆ ಬೋಲ್ಟ್ ಹಾಕಿ ಬಿಗಿದರೆ ಕಾಲಕ್ರಮದಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ಆ ಭಾಗಕ್ಕೆ ಪಟ್ಟಿ ಕೊಟ್ಟು ಬಲಪಡಿಸಬೇಕು. ಹಳೆಯ ಟ್ರಕ್ಕುಗಳಲ್ಲಿ ಡ್ರ್ಯಾಗ್ ಲಿಂಕ್ ಹಿಂದುಮುಂದಾಗಿ ಚಲಿಸುವುದುಂಟು, ನಂತರದ ಗಾಡಿಗಳಲ್ಲಿ ಎಡಬಲವಾಗಿ. ಇದನ್ನು ಅರಿಯದೆ ಸಿಕ್ಕಿದ ಬಾಕ್ಸನ್ನು ಸಿಕ್ಕಿದ ಕಡೆ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋದೀತು. ಅಮೆರಿಕದಲ್ಲಿ ಸಿದ್ಧವಾಗಿ ಸಿಗುವ ಜೋಡಣೆ ಸಾಮಗ್ರಿ ಎಡಗಡೆ ಕುಳಿತು ಓಡಿಸುವ ಗಾಡಿಗಳಿಗಾಗಿ ಮಾಡಿದ್ದು. ನಮ್ಮ ಬಲಬದಿಯ ಸ್ಟಿಯರಿಂಗಿಗೆ ಅದು ಹಾಗೆಯೇ ಒಗ್ಗುವುದಿಲ್ಲ. ಪಿಟ್‌ಮನ್ ಆರ್ಮಿನ ಹಲ್ಲುಗಳು ಹೊಸ ಬಾಕ್ಸಿನ ದಂಡಕ್ಕೆ ಸರಿಯಾಗಿ ಕೂರಬೇಕು. ಅದನ್ನು ಕತ್ತರಿಸಿ ವೆಲ್ಡ್ ಮಾಡಿ ಹೊಂದಿಸುವವರಿದ್ದಾರೆ, ಅಂಥವರ ಗ್ಯಾರೇಜಿನಿಂದ ಗಾಡಿಯನ್ನು ಆಗಲೇ ಹೊರಗೆ ತರುವುದು ಕ್ಷೇಮ. ಚಕ್ರಗಳು ನೇರವಿದ್ದಾಗ ಬಾಕ್ಸು ತನ್ನ ನಡುಬಿಂದುವಿನಲ್ಲಿರಬೇಕು. ಇಲ್ಲದಿದ್ದರೆ ನೇರ ರಸ್ತೆಯಲ್ಲೇ ಗಾಡಿ ಅತ್ತಿತ್ತ ಅಲೆಯುತ್ತದೆ. ಕೊನೆಗೆ, ಮುಂಚಕ್ರ ಎತ್ತಿಟ್ಟು, ಎಂಜಿನ್ ಆರಿಸಿ, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಿ ಎಣ್ಣೆಯೊಳಗಿನ ಗಾಳಿಯನ್ನು ಹೊರಡಿಸಬೇಕು.

ಇದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಎಷ್ಟೋ ಹಳೆಯ ಗಾಡಿಗಳ ಸ್ಟಿಯರಿಂಗ್ ಭಾರವಾಗಿರುವುದಕ್ಕೆ ಕಾರಣ ಅಲಕ್ಷ್ಯ. ಕಿಂಗ್ ಪಿನ್ನಿಗೆ ಗ್ರೀಸ್ ಕಾಣದೆ ವರ್ಷಗಳಾಗಿರುತ್ತವೆ, ಟೈರಿನಲ್ಲಿ ಗಾಳಿ ಕಡಿಮೆ ಇರುತ್ತದೆ, ಚಕ್ರಗಳ ಕೋನ ತಪ್ಪಿರುತ್ತದೆ. ಇವನ್ನು ಸರಿಪಡಿಸದೆ ಪಂಪು ಕೂರಿಸಿದರೆ ಸವೆದ ಬುಶ್ಶಿನ ಮೇಲೆ ಎಣ್ಣೆಯ ಒತ್ತಡವೂ ಬಿದ್ದು ಅಪಾಯ ಹೆಚ್ಚುತ್ತದೆ. ಮೊದಲು ಸೇವೆ, ಆಮೇಲೆ ಸುಧಾರಣೆ. ನನ್ನ ಪರಿಚಿತರು ಗ್ರೀಸ್, ಬುಶ್, ಟೈರು ಎಲ್ಲವನ್ನೂ ಸರಿಪಡಿಸಿಯಾದ ಮೇಲೆಯೂ ಹೆಗಲು ಒಪ್ಪದೆ ಈ ನಿರ್ಧಾರಕ್ಕೆ ಬಂದವರು.

ಕೆಟ್ಟ ಕೆಲಸ ಅಪಾಯಕಾರಿಯೆಂಬುದು ಒಳ್ಳೆಯ ಕೆಲಸವನ್ನು ನಿಷೇಧಿಸಲು ಕಾರಣವಾಗದು. ಕೆಟ್ಟ ಅನುವಾದಗಳಿವೆಯೆಂದು ಅನುವಾದವೇ ಬೇಡವೆಂದು ನಾವು ಎಂದಾದರೂ ಹೇಳಿದ್ದೇವೆಯೇ? ಹಾಗೆ ಹೇಳಿದ್ದರೆ ನನ್ನಂಥ ಇಂಗ್ಲಿಷ್ ಎಂ.ಎ.ಗಳ ಕಪಾಟಿನಲ್ಲಿ ಅರ್ಧ ಪುಸ್ತಕ ಖಾಲಿಯಾಗುತ್ತಿತ್ತು.

ರಸ್ತೆಯ ಸ್ಪರ್ಶ ಕಳೆದುಹೋಗುತ್ತದೆ ಎಂಬುದು ಮುಂದಿನ ಆಕ್ಷೇಪ. ಸ್ಟಿಯರಿಂಗಿನ ಮೂಲಕ ರಸ್ತೆ ಕೈಗೆ ಮಾತನಾಡುತ್ತದೆ, ಎಣ್ಣೆಯ ಒತ್ತಡ ಆ ಮಾತನ್ನು ನುಂಗುತ್ತದೆ ಎನ್ನುತ್ತಾರೆ. ನೆರವು ಅತಿಯಾದರೆ ಇದು ನಿಜ. ಅದಕ್ಕೂ ಪರಿಹಾರ ತಿಳಿದದ್ದೇ. ಕೈಬಲದ ಗಾಡಿಗಳಲ್ಲಿ ಭಾರ ತಗ್ಗಿಸಲೆಂದು ಮುಂಚಕ್ರದ ಕ್ಯಾಸ್ಟರ್ ಕೋನವನ್ನು ಕಡಿಮೆ ಇಡುವುದು ವಾಡಿಕೆ. ಪವರ್ ಸ್ಟಿಯರಿಂಗ್ ಬಂದ ಮೇಲೆ ಅದನ್ನು ತುಸು ಹೆಚ್ಚಿಸಿದರೆ ತಿರುವಿನ ನಂತರ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ, ವೇಗದಲ್ಲಿ ಗಾಡಿ ಸ್ಥಿರವಾಗಿರುತ್ತದೆ. ಆದರೆ ಈ ಆಕ್ಷೇಪದ ಬಗ್ಗೆ ನನಗಿರುವ ತಕರಾರು ತಾಂತ್ರಿಕವಾದುದಲ್ಲ. ಸ್ಪರ್ಶದ ಕಾವ್ಯವನ್ನು ಹಾಡುವವರು ಯಾರು ಎಂದು ನೋಡಿ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಇಪ್ಪತ್ತು ಕಿಲೋಮೀಟರು ಓಡಿಸಿ, ಉಪಾಹಾರಕ್ಕೆ ಮನೆ ಸೇರುವವರು. ಉಳಿದ ಆರು ದಿನ ಅವರು ಓಡಿಸುವ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಇದೆ. ಅದೇ ಭಾರವನ್ನು ಹೊಟ್ಟೆಪಾಡಿಗಾಗಿ ದಿನವೂ ತಿರುಗಿಸಿದವರ ಬಾಯಿಂದ ಈ ಕಾವ್ಯವನ್ನು ನಾನು ಕೇಳಿಲ್ಲ.

ನನ್ನ ಸೋದರಮಾವ ಲಾರಿ ಓಡಿಸುತ್ತಿದ್ದರು. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ, ಮರಳಿ ಅದೇ ದಾರಿ. ಪವರ್ ಸ್ಟಿಯರಿಂಗ್ ಇಲ್ಲದ ಲಾರಿ. ಘಟ್ಟದ ತಿರುವಿನಲ್ಲಿ ಸೀಟಿನಿಂದ ಅರೆ ಎದ್ದು, ಎದೆಯನ್ನು ಚಕ್ರಕ್ಕೆ ಒತ್ತಿ ತಿರುಗಿಸಬೇಕಾಗುತ್ತಿತ್ತು ಎಂದು ಹೇಳುತ್ತಿದ್ದರು. ಐವತ್ತು ತುಂಬುವಷ್ಟರಲ್ಲಿ ಅಂಗಿ ಹಾಕಿಕೊಳ್ಳಲು ಅವರಿಗೆ ಇನ್ನೊಬ್ಬರ ನೆರವು ಬೇಕಾಯಿತು. ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಅವರು ಲಾರಿಯನ್ನು ಪ್ರೀತಿಸುತ್ತಿದ್ದರು. ಆಯುಧಪೂಜೆಯ ದಿನ ಅದಕ್ಕೆ ಕಟ್ಟುತ್ತಿದ್ದ ಸೇವಂತಿಗೆ ಮಾಲೆಯ ಅಳತೆಯಲ್ಲಿ ಎಂದೂ ಜಿಪುಣತನ ತೋರಿದವರಲ್ಲ. ಆದರೆ ಸ್ಟಿಯರಿಂಗಿನ ಭಾರವನ್ನು ಅವರು ಪ್ರೀತಿಸಿರಲಿಲ್ಲ. ವಾಹನದ ಮೇಲಿನ ಪ್ರೀತಿಯನ್ನೂ ಅದು ಕೊಡುವ ನೋವಿನ ಮೇಲಿನ ಪ್ರೀತಿಯನ್ನೂ ಒಂದೆಂದು ಬಗೆಯುವುದು ನೋವನ್ನು ಅನುಭವಿಸದವರಿಗೆ ಮಾತ್ರ ಸಾಧ್ಯ.

ಚಾಲಕನ ಸುಖವೆಂದರೆ ಅನಗತ್ಯ ಸೌಕರ್ಯ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮಧ್ಯಮ ಹಾಗೂ ಭಾರೀ ಸರಕು ವಾಹನಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂಬ ನಿಯಮ ಈ ದೇಶದಲ್ಲಿ ಅನ್ವಯವಾದದ್ದು 2025ರ ಅಕ್ಟೋಬರ್ 1ರಿಂದ ತಯಾರಾಗುವ ವಾಹನಗಳಿಗೆ. ಅಲ್ಲಿಯವರೆಗೆ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಎಂಜಿನ್ನಿನ ಪಕ್ಕ ಕುಳಿತು ದೇಶದ ಸರಕನ್ನು ಸಾಗಿಸಿದವನಿಗೆ ತಂಪು ಗಾಳಿ ಬೇಕೇ ಎಂಬುದು ಮಾಲೀಕನ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಹಳೆಯ ಪಿಕಪ್ಪಿನ ಸ್ಟಿಯರಿಂಗ್ ಭಾರವಾಗಿಯೇ ಇರಲಿ ಎನ್ನುವ ರಸಿಕತೆಗೂ ಚಾಲಕನಿಗೆ ತಂಪೇಕೆ ಎನ್ನುವ ಲೆಕ್ಕಾಚಾರಕ್ಕೂ ನಡುವೆ ದೂರ ಹೆಚ್ಚಿಲ್ಲ. ಎರಡರಲ್ಲಿಯೂ ಗಾಡಿ ಕಾಣುತ್ತದೆ, ಒಳಗೆ ಕುಳಿತವನು ಕಾಣುವುದಿಲ್ಲ.

ಕಾನೂನು ಒಪ್ಪುವುದಿಲ್ಲ ಎಂದೂ ಕೂಟದಲ್ಲಿ ಒಬ್ಬರು ಹೇಳಿದರು. ನಿಯಮ ಓದುವುದೇ ನನ್ನ ಹೊಟ್ಟೆಪಾಡಾದುದರಿಂದ ಇಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣವನ್ನು ಬಿಗಿಯಾಗಿಯೇ ಅರ್ಥೈಸಿತು. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಸಾರಿಗೆ ಕಚೇರಿಗೆ ಲಿಖಿತವಾಗಿ ಬರೆದು, ಲಿಖಿತ ಉತ್ತರ ಪಡೆಯುವುದು ಮಾಲೀಕನ ಕರ್ತವ್ಯ. ಇನ್ನು 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ, ಐವತ್ತು ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನ ಮೂಲರೂಪದಲ್ಲಿರಬೇಕು, ಗಣನೀಯ ಮಾರ್ಪಾಡಿಗೆ ಒಳಗಾಗಿರಬಾರದು ಎನ್ನುತ್ತದೆ. ಗಣನೀಯ ಮಾರ್ಪಾಡಿನಲ್ಲಿ ಏನು ಸೇರುತ್ತದೆಂದು ಹೇಳುವಾಗ ಅದು ಹೆಸರಿಸುವುದು ಷಾಸಿ, ಮೈಕಟ್ಟು ಮತ್ತು ಎಂಜಿನ್ನನ್ನು. ಸ್ಟಿಯರಿಂಗಿನ ಹೆಸರು ಅಲ್ಲಿಲ್ಲ. ನಿಯಮವನ್ನು ಬರೆದವರೇ ವಾಹನದ ಗುರುತು ಎಲ್ಲಿದೆಯೆಂದು ಇಷ್ಟು ವಿವೇಚಿಸಿರುವಾಗ ಅಭಿಮಾನಿಗಳು ಅದಕ್ಕಿಂತ ಕಟುವಾಗಬೇಕಾದ ಅಗತ್ಯವೇನು?

ಮೂಲ ಮತ್ತು ದುರಸ್ತಿಯ ಈ ಜಗಳ ವಾಹನಗಳಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ರಸ್ಕಿನ್ 1849ರ ತನ್ನ ವಾಸ್ತುಗ್ರಂಥದಲ್ಲಿ ಹಳೆಯ ಕಟ್ಟಡಗಳ ಪುನರುದ್ಧಾರವನ್ನು ಸುಳ್ಳೆಂದು ಖಂಡಿಸಿದ. ಫ್ರಾನ್ಸಿನ ವಿಯೊಲೆ ಲ ದ್ಯುಕ್ ಅದಕ್ಕೆ ತದ್ವಿರುದ್ಧ ದಿಕ್ಕಿಗೆ ನಡೆದು, ಎಂದೂ ಇರದಿದ್ದ ಪೂರ್ಣತೆಯನ್ನೂ ಕಟ್ಟಡಕ್ಕೆ ಕೊಡಬಹುದೆಂದ. ರಸ್ಕಿನ್ನನ ದಾರಿಯಲ್ಲಿ ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘವನ್ನೇ ಕಟ್ಟಿದ. ನಮ್ಮ ಅಂಬಾಸಡರ್ ಕಾರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡನ್ನು ತಯಾರಿಸಿದ ಕಂಪನಿಯ ಸ್ಥಾಪಕನ ಹೆಸರೂ ವಿಲಿಯಂ ಮಾರಿಸ್ ಎಂಬುದು ಇತಿಹಾಸದ ಚೇಷ್ಟೆ. ಒಬ್ಬ ಮಾರಿಸ್ ಹಳತರ ಕಲ್ಲು ಮುಟ್ಟಬೇಡಿ ಎಂದ. ಇನ್ನೊಬ್ಬ ಮಾರಿಸನ ಕಾರಿನ ಸಂತತಿಯನ್ನು ನಮ್ಮ ಮೆಕ್ಯಾನಿಕ್ಕುಗಳು ಅರ್ಧ ಶತಮಾನ ಮುಟ್ಟುತ್ತಲೇ ಬದುಕಿಸಿದರು. ಕವಿ ಮಾರಿಸನನ್ನೂ ತಪ್ಪಾಗಿ ಓದಬಾರದು. ಅವನ ಕೋಪವಿದ್ದದ್ದು ಹಳತನ್ನು ಕೆತ್ತಿ ತೆಗೆದು ಹುಸಿ ಹಳತನ್ನು ನಿಲ್ಲಿಸುವವರ ಮೇಲೆ. ದಿನನಿತ್ಯದ ಆರೈಕೆ ಬೇಕೆಂಬುದು ಅವನ ನಿಲುವೂ ಆಗಿತ್ತು.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ರೂಪಿಸಿದ ಟ್ಯೂರಿನ್ ಸನ್ನದು, 1964ರ ವೆನಿಸ್ ಸನ್ನದಿನ ಹಾದಿಯಲ್ಲೇ ಬಂದದ್ದು. ಅದು ವಾಹನಗಳ ಬಳಕೆಯನ್ನು ಅವುಗಳ ಉಳಿವಿನ ಭಾಗವೆಂದು ಕಾಣುತ್ತದೆ. ಮಾರ್ಪಾಡು ಅನಿವಾರ್ಯವಾದರೆ ಮೂಲ ರಚನೆ ಮತ್ತು ನೋಟ ಕೆಡಬಾರದು, ಸಾಧ್ಯವಾದ ಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳಿಸಲು ಬರುವಂತಿರಬೇಕು, ಕಳಚಿದ ಮುಖ್ಯ ಭಾಗಗಳನ್ನು ವಾಹನದೊಡನೆಯೇ ಕಾದಿಡಬೇಕು ಎಂಬುದು ಅದರ ಆಶಯ. ಇದಕ್ಕಿಂತ ಹೆಚ್ಚಿನ ಶುದ್ಧಾಚಾರವನ್ನು ನಮ್ಮಲ್ಲಿ ಯಾರಾದರೂ ಬಯಸಿದರೆ ಅದಕ್ಕೆ ಆಧಾರ ಅವರ ಅಭಿರುಚಿಯೇ ಹೊರತು ತತ್ತ್ವವಲ್ಲ.

ಇಂಗ್ಲೆಂಡು, ಇಟಲಿಯವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಜೀರ್ಣೋದ್ಧಾರ ಎಂಬ ಮಾತು ನಮ್ಮ ಶಾಸನಗಳಲ್ಲೇ ಇದೆ. ಬಿದ್ದ ಗೋಪುರವನ್ನು ಎತ್ತಿಸಿದವರು, ಒಡೆದ ಕೆರೆಯನ್ನು ಕಟ್ಟಿಸಿದವರು ಅದನ್ನು ಮರೆಮಾಚದೆ ಕಲ್ಲಿನಲ್ಲಿ ಕೆತ್ತಿಸಿದರು. ಕೆರೆ ಒಡೆದ ಸ್ಥಿತಿಯಲ್ಲೇ ಮೂಲರೂಪದಲ್ಲಿದೆಯೆಂದು ಯಾರೂ ಬಿಡಲಿಲ್ಲ, ಏಕೆಂದರೆ ಕೆಳಗೆ ಗದ್ದೆಗಳಿದ್ದವು. ಇಂದು ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿದು ನೆಲಕ್ಕೆ ಹೊಳೆಯುವ ಟೈಲ್ಸ್ ಹಾಸುವವರಿದ್ದಾರೆ ನಿಜ. ಪಿಕಪ್ಪಿನ ಮುಂಭಾಗವನ್ನೇ ಕತ್ತರಿಸಿ ಹೊಸ ಕಾರಿನದನ್ನು ತಂದು ಅಂಟಿಸುವವರೂ ಅವರ ಸಾಲಿಗೇ ಸೇರಿದವರು, ಅವರ ಪರವಾಗಿ ನಾನು ವಾದಿಸುತ್ತಿಲ್ಲ. ಕೆರೆಯ ಏರಿಯನ್ನು ಎತ್ತುವುದಕ್ಕೂ ಕಂಬಕ್ಕೆ ಬಣ್ಣ ಬಳಿಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಹಿರಿಯರಿಗೆ ತಿಳಿದಿತ್ತು.

ಉಳಿಯುವುದು ಹಣದ ಮಾತು. ಮಾರ್ಪಾಡಾದ ಗಾಡಿಗೆ ಬೆಲೆ ಬರುವುದಿಲ್ಲ, ಪ್ರದರ್ಶನದಲ್ಲಿ ಅಂಕ ಕಡಿಮೆಯಾಗುತ್ತದೆ ಎನ್ನುತ್ತಾರೆ. ಇರಬಹುದು. ತಂದೆಯ ಗಾಡಿಯನ್ನು ಮಾರುವ ಯೋಚನೆಯೇ ಇಲ್ಲದವನಿಗೆ ಅದರ ಮಾರಾಟ ಬೆಲೆಯ ಚಿಂತೆ ಬೇರೆಯವರಿಗೇಕೆ? ಓಡಿಸಲಾಗದಿದ್ದರೆ ಮಾರಿಬಿಡಿ ಎಂಬ ಉಪದೇಶದ ಒಳಗಿರುವುದನ್ನು ಇಲ್ಲಿ ಬಿಡಿಸಿ ನೋಡಬೇಕು. ಗಾಡಿಯ ಮೂಲರೂಪ ಉಳಿಯಲಿ, ಅದರೊಡನೆ ಬೆಳೆದ ಮನುಷ್ಯ ದೂರ ಸರಿಯಲಿ ಎಂದಂತಾಯಿತು. ಆ ಗಾಡಿಯ ಇತಿಹಾಸ ಇರುವುದು ಸ್ಟಿಯರಿಂಗ್ ಬಾಕ್ಸಿನೊಳಗೋ, ದಿವೆ ಘಾಟಿನ ಯಾವ ತಿರುವಿನಲ್ಲಿ ತಂದೆ ಯಾವ ಗೇರು ಹಾಕುತ್ತಿದ್ದರೆಂದು ಬಲ್ಲ ಮಗನ ನೆನಪಿನಲ್ಲೋ? ಅದೇ ಮನೆಯ ಸೊಸೆಗೂ ಮೊಮ್ಮಗಳಿಗೂ ಗಾಡಿ ಓಡಿಸುವ ಆಸೆಯಿದೆ. ಭಾರವಾದ ಸ್ಟಿಯರಿಂಗ್ ಇರುವವರೆಗೆ ಅದು ಬಲಿಷ್ಠ ತೋಳಿನ ಗ್ರಾಹಕನಿಗಾಗಿ ಕಾದ ಸರಕು. ಹಗುರವಾದರೆ ಮೂರು ತಲೆಮಾರು ಓಡಿಸುವ ಮನೆಯ ಗಾಡಿ.

ಆದ್ದರಿಂದ ನನ್ನ ಪರಿಚಿತರಿಗೂ, ಅವರಂತೆ ಅಳುಕಿನಲ್ಲಿರುವ ಇತರರಿಗೂ ನಾನು ಹೇಳುವುದಿಷ್ಟು. ಹಾಕಿಸಿ. ಬಲ್ಲ ಮೆಕ್ಯಾನಿಕ್ಕನಿಂದ, ಅವಸರವಿಲ್ಲದೆ, ಷಾಸಿಗೆ ಪಟ್ಟಿ ಕೊಟ್ಟು, ಸಾರಿಗೆ ಕಚೇರಿಯ ಕಾಗದ ಕೈಯಲ್ಲಿ ಹಿಡಿದು ಹಾಕಿಸಿ. ಕಳಚಿದ ಹಳೆಯ ಬಾಕ್ಸನ್ನು ಗುಜರಿಗೆ ಕೊಡಬೇಡಿ; ಗ್ರೀಸ್ ಹಚ್ಚಿ, ಗೋಣಿಯಲ್ಲಿ ಸುತ್ತಿ, ಚೀಟಿ ಕಟ್ಟಿ ಇಡಿ. ಯಾವ ದಿನ, ಯಾವ ಭಾಗ ತೆಗೆದು ಯಾವುದನ್ನು ಹಾಕಲಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಕೆಲಸ ಮಾಡಿದ ಮೆಕ್ಯಾನಿಕ್ಕನ, ಲೇತಿನವನ, ವೆಲ್ಡಿಂಗಿನವನ ಹೆಸರುಗಳನ್ನೂ ಬರೆಯಿರಿ. ಶಿವಡಿಯಲ್ಲಿ 1951ರಲ್ಲಿ ಆ ಬೋಲ್ಟುಗಳನ್ನು ಬಿಗಿದವರ ಹೆಸರು ನಮಗೆ ಸಿಗಲಿಲ್ಲ. ಈ ಸಲ ಬಿಗಿಯುವವರ ಹೆಸರಾದರೂ ಮುಂದಿನವರಿಗೆ ಸಿಗಲಿ.